ಇನ್ಸುಲಿನೋಮಾ: ಕಡಲೆಕಾಳಿನಷ್ಟು ಗಂಟಿನ ಹುಡುಕಾಟ

ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿ, ದೇಹಕ್ಕೆ ಬೇಕಿರಲಿ ಬೇಡದಿರಲಿ ಇನ್ಸುಲಿನ್ ಸುರಿಸುತ್ತಲೇ ಇರುವ ಗಂಟು ಇನ್ಸುಲಿನೋಮಾ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 4 ಮಂದಿಗೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆ. ಹತ್ತರಲ್ಲಿ ಸುಮಾರು ಒಂಬತ್ತು ಗಂಟುಗಳು ಕ್ಯಾನ್ಸರ್ ಅಲ್ಲ, ತೆಗೆದರೆ ರೋಗ ವಾಸಿ. ಆದರೆ ಹೆಚ್ಚಿನವು 2 ಸೆಂ.ಮೀ.ಗಿಂತ ಚಿಕ್ಕವಾದ್ದರಿಂದ ಇರುವ ಜಾಗ ಸಿಗುವುದೇ ಕಷ್ಟ.

ರಕ್ತದ ಸಕ್ಕರೆ ಇಳಿದು ನಸುಕಿನಲ್ಲಿ ಹಸಿದ ಹೊಟ್ಟೆಗೆ ಬೆವರು, ನಡುಕ, ತೊದಲು ಮಾತು, ಕೆಲವೊಮ್ಮೆ ಮೂರ್ಛೆ. ಸಕ್ಕರೆ ನೀರು ಕುಡಿಸಿದರೆ ಚೇತರಿಕೆ. ಫಿಟ್ಸ್ ಎಂದೋ ಮನೋರೋಗವೆಂದೋ ವರ್ಷಗಟ್ಟಲೆ ಗುಳಿಗೆ ನುಂಗಿದವರು ಈ ರೋಗಿಗಳಲ್ಲಿ ಎಷ್ಟೋ ಮಂದಿ. ಲಕ್ಷಣ ಕಂಡ ಗಳಿಗೆಯಲ್ಲೇ ಬೆರಳು ಚುಚ್ಚಿ ಸಕ್ಕರೆ ನೋಡಿದ್ದರೆ ದಾರಿ ಆಗಲೇ ತೆರೆಯುತ್ತಿತ್ತು. ಮುಂದಿನದು ಆಸ್ಪತ್ರೆಯಲ್ಲಿ 72 ಗಂಟೆಯವರೆಗಿನ ಉಪವಾಸ ಪರೀಕ್ಷೆ. ಸಕ್ಕರೆ 55 ಮಿ.ಗ್ರಾಂ.ಗಿಂತ ಕೆಳಗಿಳಿದಾಗಲೂ ಇನ್ಸುಲಿನ್ ಮತ್ತು ಅದರ ಜೊತೆಗೇ ಗ್ರಂಥಿ ಹೊರಬಿಡುವ ಸಿ-ಪೆಪ್ಟೈಡ್ ತಗ್ಗದಿದ್ದರೆ ಸಂಶಯ ಗಟ್ಟಿಯಾಗುತ್ತದೆ. ಸ್ಕ್ಯಾನ್ ಇದಾದ ಮೇಲೆಯೇ. ಮೊದಲೇ ಮಾಡಿಸಿದರೆ ಸಂಬಂಧವಿಲ್ಲದ ಗಂಟೊಂದು ಕಂಡು ದಾರಿ ತಪ್ಪಬಹುದು.

ಈ ಗಂಟಿಗೆ ರಕ್ತನಾಳಗಳು ಹೆಚ್ಚು. ಹಾಗಾಗಿ ಸಿ.ಟಿ.ಯಲ್ಲಿ ಬಣ್ಣದ ಔಷಧಿ ಚುಚ್ಚಿದ ಮೇಲೆ, ಅದು ಅಪಧಮನಿಗಳಲ್ಲಿ ಹರಿಯುವ ಮೊದಲ ಕೆಲವು ಸೆಕೆಂಡುಗಳಲ್ಲಿ ಗಂಟು ಸುತ್ತಲ ಭಾಗಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. ಸ್ವಲ್ಪ ತಡವಾದರೆ ಇಡೀ ಗ್ರಂಥಿಯೂ ಬಣ್ಣ ಹೀರಿ ವ್ಯತ್ಯಾಸ ಅಳಿಸಿಹೋಗುತ್ತದೆ. ಸಾಮಾನ್ಯ ಹೊಟ್ಟೆಯ ಸ್ಕ್ಯಾನ್‌ನಲ್ಲಿ ಗಂಟು ತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ಇದರಿಂದಲೇ. ಆದ್ದರಿಂದ ಸ್ಕ್ಯಾನ್‌ಗೆ ಕಳಿಸುವ ವೈದ್ಯರು ಚೀಟಿಯಲ್ಲಿ ಸಂಶಯವನ್ನು ಬಿಡಿಸಿ ಬರೆಯಬೇಕು. ಎಂ.ಆರ್.ಐ.ಯೂ ನೆರವಾಗುತ್ತದೆ. ಬಾಯಿಂದ ಜಠರಕ್ಕಿಳಿಸುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಕೆಲವೇ ಮಿ.ಮೀ. ಗಂಟನ್ನೂ ತೋರಿಸಬಲ್ಲದು, ಗ್ರಂಥಿಯ ಬಾಲದ ತುದಿಯಲ್ಲಿ ಮಾತ್ರ ಕೊಂಚ ಹಿಂದೆ.

ಇವುಗಳಲ್ಲೂ ಸಿಗದಿದ್ದರೆ ಪೆಟ್ ಸ್ಕ್ಯಾನ್. ಇನ್ಸುಲಿನೋಮಾದ ಮೇಲೆ ಜಿ.ಎಲ್.ಪಿ.-1 ಎಂಬ ಹಾರ್ಮೋನಿನ ಗ್ರಾಹಿಗಳು ದಟ್ಟವಾಗಿರುತ್ತವೆ. ಗಿಲಾ ಎಂಬ ಹಲ್ಲಿಯ ಜೊಲ್ಲಿನಲ್ಲಿ ಮೊದಲು ಕಂಡ ಎಕ್ಸೆಂಡಿನ್-4 ಅವಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೆ ವಿಕಿರಣ ಸೂಸುವ ಗ್ಯಾಲಿಯಂ-68 ಜೋಡಿಸಿ ಚುಚ್ಚಿದರೆ ಗಂಟಿನ ಜಾಗ ಬೆಳಗುತ್ತದೆ. ಈ ಗ್ಯಾಲಿಯಂನ ಅರ್ಧಾಯುಷ್ಯ 68 ನಿಮಿಷ. ಆದ್ದರಿಂದ ಅದನ್ನು ಸ್ಕ್ಯಾನ್ ನಡೆಯುವಲ್ಲೇ ತಯಾರಿಸಬೇಕು. ಎಕ್ಸೆಂಡಿನ್ ಸಕ್ಕರೆಯನ್ನು ಇನ್ನಷ್ಟು ಇಳಿಸಬಹುದು, ಪಕ್ಕದಲ್ಲಿ ಗ್ಲೂಕೋಸ್ ಡ್ರಿಪ್ ಸಿದ್ಧವಿರಲೇಬೇಕು. ಹರಡಿದ ಕ್ಯಾನ್ಸರ್ ಗಂಟುಗಳಿಗೆ ಡೋಟಾಟೇಟ್ ಎಂಬ ಇನ್ನೊಂದು ಬಗೆಯ ಪೆಟ್ ಸ್ಕ್ಯಾನ್ ಹೆಚ್ಚು ಉಪಯುಕ್ತ.

ಬೆಳಗಾವಿ ಜಿಲ್ಲೆಯವರು ಈ ಸ್ಕ್ಯಾನ್‌ಗಳಿಗೆ ಹೋಗುವುದಾದರೆ, ಕಾಗವಾಡ, ಅಥಣಿಗೆ ಮಿರಜ್ ಹತ್ತಿರ. ನಿಪ್ಪಾಣಿಗೆ ಕೊಲ್ಹಾಪುರ. ಚಿಕ್ಕೋಡಿ-ರಾಯಬಾಗದವರು ಬೆಳಗಾವಿಗೂ ಹೋಗಬಹುದು. ಸಿ.ಟಿ., ಎಂ.ಆರ್.ಐ. ಈ ಊರುಗಳಲ್ಲೇ ಆಗುತ್ತವೆ. ಎಕ್ಸೆಂಡಿನ್ ಪೆಟ್ ದೇಶದ ಕೆಲವೇ ದೊಡ್ಡ ಕೇಂದ್ರಗಳಲ್ಲಿ. ಸ್ಕ್ಯಾನ್‌ಗೆ ಉಪವಾಸ ಬರಬೇಕೆಂಬ ಮಾತು ಕೇಳಿ ಇಂಥ ರೋಗಿ ಬರಿಹೊಟ್ಟೆಯಲ್ಲಿ ಬಸ್ ಹತ್ತುವುದು ಅಪಾಯ. ಸಮಯವನ್ನು ಮೊದಲೇ ವೈದ್ಯರೊಡನೆ ಗೊತ್ತುಮಾಡಿಕೊಂಡು, ಜೊತೆಗೊಬ್ಬರನ್ನೂ ಗ್ಲೂಕೋಸ್ ಪುಡಿಯನ್ನೂ ಹಳೆಯ ಸ್ಕ್ಯಾನ್‌ಗಳ ಸಿ.ಡಿ.ಯನ್ನೂ ಒಯ್ಯಬೇಕು. ಶಸ್ತ್ರಚಿಕಿತ್ಸೆಯ ವೇಳೆ ವೈದ್ಯರು ಗ್ರಂಥಿಯ ಮೇಲೆಯೇ ಅಲ್ಟ್ರಾಸೌಂಡ್ ಇಟ್ಟು ಗಂಟಿನ ಜಾಗವನ್ನು ಇನ್ನೊಮ್ಮೆ ಖಚಿತಪಡಿಸಿಕೊಂಡು ತೆಗೆಯುತ್ತಾರೆ.