ಊಟವೆಂಬ ದಿನನಿತ್ಯದ ಪರೀಕ್ಷೆ

ಕಾರಡ್ಕ ಪಂಚಾಯತಿನ ಮುಳ್ಳೇರಿಯ ಪೇಟೆಯಲ್ಲಿ ಜೀನಸಿ ವ್ಯಾಪಾರ ಮಾಡಿಕೊಂಡಿರುವ ನಮಗೆ, ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ಸಾಮಾನಿನ ಚೀಟಿಯಿಂದಲೇ ಅರ್ಧ ತಿಳಿದುಹೋಗುತ್ತದೆ. ಬಾಣಂತನವೋ, ಹೊಸದಾಗಿ ಬಂದ ಸಕ್ಕರೆ ಕಾಯಿಲೆಯೋ, ಹೆಣ್ಣು ನೋಡಲು ಬರುವವರಿದ್ದಾರೋ, ಎಲ್ಲವೂ ಆ ಚೀಟಿಯಲ್ಲಿ ಇರುತ್ತದೆ. ಆದರೆ ಕೆಲವು ಮನೆಗಳ ಚೀಟಿ ಹತ್ತು ವರ್ಷ ಕಳೆದರೂ ಬದಲಾಗುವುದಿಲ್ಲ. ಅದೇ ಗಿರಣಿಯ ಕುಚ್ಚಲಕ್ಕಿ, ಅದೇ ಕಂಪೆನಿಯ ಬಿಸ್ಕತ್ತು, ಅದೇ ದಪ್ಪ ಅವಲಕ್ಕಿ. ಒಮ್ಮೆ ಬಿಸ್ಕತ್ತಿನ ಪೊಟ್ಟಣದ ಬಣ್ಣ ಬದಲಾದಾಗ ಒಬ್ಬ ತಾಯಿ, ಹಳೆಯ ಪೊಟ್ಟಣ ಒಂದಾದರೂ ಉಳಿದಿದೆಯೇ ಎಂದು ಮೂರು ದಿನ ನಮ್ಮ ಅಂಗಡಿಗೆ ನಡೆದರು. ಮಗನಿಗೆ ಮೂವತ್ತೊಂದು ವರ್ಷ. ಒಳಗಿನ ಬಿಸ್ಕತ್ತು ಅದೇ, ರುಚಿಯೂ ಅದೇ. ಪೊಟ್ಟಣ ಬೇರೆಯಾದ್ದರಿಂದ ಅವನ ಪಾಲಿಗೆ ಅದು ಬೇರೆಯೇ ತಿಂಡಿ. ಕೊನೆಗೆ ಆ ತಾಯಿ ಬಿಸ್ಕತ್ತನ್ನು ಹಳೆಯ ಡಬ್ಬಿಗೆ ಸುರಿದು, ಪೊಟ್ಟಣ ತೋರಿಸುವುದನ್ನೇ ಬಿಟ್ಟರು. ಅಲ್ಲಿಗೆ ತೊಂದರೆ ನಿಂತಿತು.

ಇಂತಹ ವಿಷಯಗಳು ನಮ್ಮ ಪತ್ರಿಕೆಗಳಲ್ಲಿ ಬರುವುದು ಕಡಮೆ. ನೋಂಪಿ, ವಿಧಾನ, ಪಂಚಕಲ್ಯಾಣಗಳ ಬಗ್ಗೆ ಬರೆಯಲು ವಿದ್ವಾಂಸರಿದ್ದಾರೆ. ನಾವು ಮೆಟ್ರಿಕ್‌ವರೆಗೆ ಓದಿದ ವ್ಯಾಪಾರಿ. ವೈದ್ಯರಲ್ಲ, ಪಂಡಿತರೂ ಅಲ್ಲ. ಕಣ್ಣಾರೆ ಕಂಡದ್ದನ್ನೂ ತಿಳಿದವರಿಂದ ಕೇಳಿಕೊಂಡದ್ದನ್ನೂ ಸಮಾಜ ಬಾಂಧವರ ಮುಂದೆ ಇಡುತ್ತಿದ್ದೇವೆ.

ಮಿದುಳು ಬೆಳೆದ ರೀತಿಯೇ ಬೇರೆಯಾಗಿರುವವರನ್ನು ಈಗ ನ್ಯೂರೋಡೈವರ್ಜೆಂಟ್ ಎಂದು ಕರೆಯುತ್ತಾರೆ. ಆಟಿಸಂ ಇರುವವರು, ಗಮನ ನಿಲ್ಲದ, ಕೆಲಸ ಆರಂಭಿಸಲು ಆಗದ ಎಡಿಎಚ್‌ಡಿ ಇರುವವರು, ಕಲಿಕೆಯ ತೊಡಕಿನವರು ಇದರಲ್ಲಿ ಸೇರುತ್ತಾರೆ. ಬುದ್ಧಿಯ ಬೆಳವಣಿಗೆ ನಿಧಾನವಾದವರನ್ನೂ ಹಲವರು ಸೇರಿಸುತ್ತಾರೆ. ಹಿಂದೆ ಇವರಿಗೆಲ್ಲ ನಮ್ಮ ಊರಲ್ಲಿ ಇದ್ದದ್ದು ಎರಡೇ ಹೆಸರು, ‘ಮರುಳು’ ಅಥವಾ ‘ಹಠಮಾರಿ’. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು ಎಂಬುದು ನಮ್ಮಲ್ಲಿ ಅನೇಕರಿಗೆ ಇನ್ನೂ ತಿಳಿಯದು.

ನಮ್ಮ ಕಾರಡ್ಕದ ಕಥೆ ಸ್ವಲ್ಪ ಪ್ರತ್ಯೇಕವಾದದ್ದು. ಇಲ್ಲಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅದು ನಿಂತದ್ದು 2000ದ ಇಸವಿಯ ಆಚೀಚೆ. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕದ ಜತೆಗೆ ನಮ್ಮ ಕಾರಡ್ಕವೂ ಸಂತ್ರಸ್ತ ಪಂಚಾಯತುಗಳ ಪಟ್ಟಿಯಲ್ಲಿದೆ. 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಹೇಳಿತು. ಆಟಿಸಂ ಇರುವವರು ಲೋಕದ ಎಲ್ಲ ಊರುಗಳಲ್ಲೂ ಇದ್ದಾರೆ, ಆದ್ದರಿಂದ ಎಲ್ಲದಕ್ಕೂ ಆ ಔಷಧವೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಸುದ್ದಿಯವರು ಫೋಟೋ ತೆಗೆದುಕೊಂಡು ಹೋದ ಆ ಕಾಲದ ಮಕ್ಕಳು ಈಗ ಮೂವತ್ತು ನಲವತ್ತರವರು. ಅವರ ತಾಯಂದಿರು ನಮ್ಮ ವಯಸ್ಸಿನವರು. ಪರಿಹಾರದ ದುಡ್ಡಿನ ಮಾತು ಪೇಪರಿನಲ್ಲಿ ಬರುತ್ತದೆ, ದಿನಕ್ಕೆ ಮೂರು ಹೊತ್ತು ಬರುವ ಊಟದ ಮಾತು ಬರುವುದಿಲ್ಲ.

ಊಟ ಯಾಕೆ ಇಷ್ಟು ಕಷ್ಟ? ನಮಗೆ ಅನ್ನವೆಂದರೆ ಅನ್ನ. ಆಟಿಸಂ ಇರುವ ಹಲವರಿಗೆ ರುಚಿಗಿಂತ ಮೊದಲು ಮುಟ್ಟುವಿಕೆ, ವಾಸನೆ, ಬಿಸಿ, ಸದ್ದು ಇವು ಎದುರಾಗುತ್ತವೆ. ಮೆತ್ತಗಿನ ಬದನೆ ಬಾಯಿಗೆ ಬಂದರೆ ಕೆಲವರಿಗೆ ವಾಂತಿ ಬರುವಂತಾಗುತ್ತದೆ. ಸಾಂಬಾರು ಪಲ್ಯದ ಮೇಲೆ ಹರಿದರೆ ಇಡೀ ಬಟ್ಟಲೇ ಕೆಟ್ಟಂತೆ. ಪಕ್ಕದಲ್ಲಿ ಮಿಕ್ಸಿ ಓಡುತ್ತಿದ್ದರೆ ತುತ್ತು ಇಳಿಯದು. ಇನ್ನು ಕೆಲವರಿಗೆ ಹಸಿವು ಬಾಯಾರಿಕೆಗಳ ಸೂಚನೆಯೇ ಸರಿಯಾಗಿ ಸಿಗುವುದಿಲ್ಲ; ಮಧ್ಯಾಹ್ನ ಮೂರರವರೆಗೂ ಉಣ್ಣದೆ ಇದ್ದು, ಆಮೇಲೆ ಕಾರಣ ತಿಳಿಯದೆ ಸಿಟ್ಟು ಮಾಡುತ್ತಾರೆ. ಅದನ್ನು ‘ಸೊಕ್ಕು’ ಎನ್ನುವ ನೆಂಟರಿಗೆ ನಾವು ಹೇಳುವುದಿಷ್ಟು: ಸೊಕ್ಕಿನವನು ಹಸಿವಾದಾಗ ತಿನ್ನುತ್ತಾನೆ, ಇವರು ತಿನ್ನಲಾರರು.

ಅಕ್ಕಿಯ ವಿಷಯ ನಮಗೆ ಚೆನ್ನಾಗಿ ಗೊತ್ತಿರುವುದರಿಂದ ಹೇಳುತ್ತೇವೆ. ಹಳೆಯ ಅಕ್ಕಿ ಬೇಯಲು ಹೆಚ್ಚು ನೀರು ಕುಡಿದು ಉದುರಾಗುತ್ತದೆ, ಹೊಸ ಅಕ್ಕಿ ಅಂಟುತ್ತದೆ. ಮನೆಯ ಉಳಿದವರಿಗೆ ತಿಳಿಯದ ಈ ವ್ಯತ್ಯಾಸ ಇಂತಹ ಒಬ್ಬರ ನಾಲಗೆಗೆ ಮೊದಲ ತುತ್ತಿಗೇ ತಿಳಿಯುತ್ತದೆ. ಆದ್ದರಿಂದ ಹಳೆಯ ಚೀಲ ಮುಗಿಯುವ ತನಕ ಕಾಯಬಾರದು. ಕಾಲು ಚೀಲ ಇರುವಾಗಲೇ ಹೊಸ ಅಕ್ಕಿ ತಂದು, ಮೊದಲ ವಾರ ಸೇರಿಗೆ ಒಂದು ಮುಷ್ಟಿ, ಮುಂದಿನ ವಾರ ಎರಡು ಮುಷ್ಟಿ ಎಂದು ಬೆರೆಸಿಕೊಂಡು ಹೋಗಬೇಕು. ನಮ್ಮ ನಾಲ್ಕಾರು ಗಿರಾಕಿಗಳು ಹೀಗೆ ಮಾಡಿ ನೆಮ್ಮದಿಯಿಂದಿದ್ದಾರೆ. ಹೊಸ ತರಕಾರಿಯನ್ನು ಅಭ್ಯಾಸ ಮಾಡಿಸುವುದಿದ್ದರೂ ದಾರಿ ಇದೇ. ಒಗ್ಗಿದ ನೀರುದೋಸೆ ಬಟ್ಟಲಲ್ಲಿ ಇರಲಿ, ಹೊಸದು ಬದಿಯ ಸಣ್ಣ ತಟ್ಟೆಯಲ್ಲಿ ಇರಲಿ, ‘ತಿನ್ನು’ ಎಂಬ ಮಾತು ಬೇಡ. ಹತ್ತು ದಿನ ನೋಡಿ, ಹನ್ನೊಂದನೆಯ ದಿನ ಮುಟ್ಟಿದವರಿದ್ದಾರೆ. ಮುಟ್ಟದೇ ಹೋದವರೂ ಇದ್ದಾರೆ, ಅದಕ್ಕೂ ಸಿದ್ಧರಿರಬೇಕು.

ಭಾಷೆಯ ತೊಡಕು ನಮ್ಮ ಗಡಿನಾಡಿನ ಸ್ವಂತದ್ದು. ಕೇರಳದಲ್ಲಿ ಬಡ್ಸ್ ಶಾಲೆಗಳೂ, 18 ದಾಟಿದವರಿಗೆ ಬಡ್ಸ್ ಪುನರ್ವಸತಿ ಕೇಂದ್ರಗಳೂ ಇವೆ. ಪಂಚಾಯತು ಮತ್ತು ಕುಟುಂಬಶ್ರೀಯವರು ನಡೆಸುವ ಈ ವ್ಯವಸ್ಥೆಯಿಂದ ಬಹಳ ಮಂದಿಗೆ ಉಪಕಾರವಾಗಿದೆ. ಆದರೆ ಇಂತಹ ಕಡೆ ನಡೆಯುವ ಮಾತು ಹೆಚ್ಚಾಗಿ ಮಲಯಾಳ. ಹಗಲು ‘ಚೋರು’ ಎಂದು ಕಲಿತದ್ದು ಮನೆಗೆ ಬಂದರೆ ‘ಅನ್ನ’, ತುಳು ಮಾತಾಡುವ ಅಜ್ಜಿಯ ಬಾಯಲ್ಲಿ ‘ನುಪ್ಪು’. ಒಂದೇ ಶಬ್ದವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವವನಿಗೆ ಇದು ಮೂರು ಬೇರೆ ವಸ್ತುಗಳಾಗಿ ಕಂಡರೆ ಆಶ್ಚರ್ಯವಿಲ್ಲ. ಇದಕ್ಕೆ ಚಿತ್ರವೇ ಮದ್ದು. ಮನೆಯ ಬಟ್ಟಲಲ್ಲೇ ಬಡಿಸಿದ ಗಂಜಿ, ಪುಂಡಿ, ಮೊಸರನ್ನಗಳ ಫೋಟೋ ತೆಗೆದು, ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ, ಗೋಡೆಯ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಮೊಳೆಗೆ ತೂಗಿಸಬೇಕು. ಪುಸ್ತಕದ ಚಿತ್ರ ಆಗದು, ನಮ್ಮ ಬಟ್ಟಲಿನದೇ ಆಗಬೇಕು. ಮಾತು ಬಾರದವರು ಬೇಕಾದ ಚಿತ್ರವನ್ನು ತೆಗೆದು ಕೈಗೆ ಕೊಡಲೂ ಕಲಿಯುತ್ತಾರೆ. ಮೂವತ್ತು ವರ್ಷದವನಿಗೆ ಇವತ್ತು ಏನು ಬೇಕೆಂದು ಕೇಳಿದವರೇ ಇರಲಿಲ್ಲ ಎಂದು ಒಬ್ಬ ತಂದೆ ನಮ್ಮಲ್ಲಿ ಹೇಳಿ ಕಣ್ಣೊರಸಿಕೊಂಡದ್ದುಂಟು.

ನಮ್ಮ ಜೈನ ಮನೆಗಳಿಗೆ ಒಂದು ಅನುಕೂಲವಿದೆ, ಎರಡು ಅಡ್ಡಿಗಳಿವೆ. ಅನುಕೂಲವೆಂದರೆ ಹೊತ್ತು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ನಿಯಮ ಇರುವ ಮನೆಯಲ್ಲಿ ಗಡಿಯಾರ ನೋಡದಿದ್ದರೂ ದಿನ ತಪ್ಪುವುದಿಲ್ಲ. ಇವತ್ತಿನಂತೆ ನಾಳೆ ಎಂಬ ಭರವಸೆಯೇ ಇಂತಹವರಿಗೆ ಅರ್ಧ ಔಷಧ. ಆದರೆ ಅಷ್ಟಮಿ, ಚತುರ್ದಶಿ ಬಂದ ಕೂಡಲೇ ಮನೆಯ ಅಡುಗೆ ಬದಲಾಗುತ್ತದೆ, ತಾಯಿ ಏಕಭುಕ್ತ ಹಿಡಿಯುತ್ತಾರೆ, ಒಲೆ ತಡವಾಗಿ ಉರಿಯುತ್ತದೆ. ಮುನ್ಸೂಚನೆ ಇಲ್ಲದ ಈ ಬದಲಾವಣೆಗೆ ಅವರು ಕಂಗಾಲಾಗುತ್ತಾರೆ. ಕ್ಯಾಲೆಂಡರಿನಲ್ಲಿ ಪರ್ವದ ದಿನಕ್ಕೆ ಬೇರೆ ಬಣ್ಣ ಹಚ್ಚಿ, ಎರಡು ದಿನ ಮುಂಚಿನಿಂದ ತೋರಿಸುತ್ತ ಬಂದರೆ ಒಗ್ಗುತ್ತದೆ. ಎರಡನೆಯ ಅಡ್ಡಿ ಪದಾರ್ಥದ್ದು. ಗಡ್ಡೆಗೆಣಸು ನಮಗಿಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳೂ ಇವೆ. ಮೊದಲೇ ಆರೇಳು ಪದಾರ್ಥ ಮಾತ್ರ ತಿನ್ನುವವನಿಗೆ ಆಟಿ ತಿಂಗಳಲ್ಲಿ ಉಳಿಯುವುದು ಎಷ್ಟು? ನಮ್ಮ ಹಿರಿಯರು ಅಟ್ಟಕ್ಕೆ ತೂಗಹಾಕುತ್ತಿದ್ದ ಸೌತೆಕಾಯಿ, ಹೆಸರುಕಾಳು, ಬಾಳೆಕಾಯಿ ಇವನ್ನು ಬೇಸಿಗೆಯಿಂದಲೇ ರೂಢಿ ಮಾಡಿಸಿಟ್ಟರೆ ಮಳೆಗಾಲ ದಾಟುತ್ತದೆ.

ವ್ರತ ಬೇಡವೇ ಎಂದು ಯಾರಾದರೂ ಕೇಳಬಹುದು. ಶಕ್ತಿಗೆ ತಕ್ಕ ತ್ಯಾಗ, ಶಕ್ತಿಗೆ ತಕ್ಕ ತಪಸ್ಸು ಎಂಬುದು ನಮ್ಮ ಷೋಡಶ ಭಾವನೆಗಳಲ್ಲೇ ಸೇರಿದೆ. ಉಪವಾಸವೆಂದರೇನು ಎಂದು ಅರಿಯದವನನ್ನು ಉಪವಾಸ ಕೂರಿಸುವುದರಲ್ಲಿ ಯಾರಿಗೆ ಪುಣ್ಯ? ಇದು ನಮ್ಮ ಅಭಿಪ್ರಾಯ. ಸಂಶಯವಿರುವವರು ತ್ಯಾಗಿಗಳನ್ನು ಕೇಳಿಕೊಳ್ಳಲಿ.

ಓದಿ, ಉದ್ಯೋಗ ಹಿಡಿದು, ಹೊರಗಿನಿಂದ ಏನೂ ಕಾಣದವರ ಕಷ್ಟ ಇನ್ನೊಂದು ಬಗೆಯದು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಬಂಧುಗಳ ಹುಡುಗನೊಬ್ಬನಿಗೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಎಡಿಎಚ್‌ಡಿ ಎಂದು ತಿಳಿಯಿತು. ಕೋಣೆಯಲ್ಲಿ ಗ್ಯಾಸು, ಅಕ್ಕಿ, ಬೇಳೆ ಎಲ್ಲ ಇದ್ದು ಹುಡುಗ ಉಪವಾಸ. ಏನು ಮಾಡುವುದೆಂದು ಯೋಚಿಸುವುದು, ಪಾತ್ರೆ ತೊಳೆಯುವುದು, ಬೇಳೆ ನೆನೆಸುವುದು, ಇಷ್ಟು ಮೆಟ್ಟಿಲುಗಳನ್ನು ಎಣಿಸುವಾಗಲೇ ಸುಸ್ತಾಗಿ ಮಲಗಿಬಿಡುತ್ತಿದ್ದ. ಇಂತಹವರಿಗೆ ಕೊಡುವ ಕೆಲವು ಮಾತ್ರೆಗಳು ಹಗಲಿನ ಹಸಿವನ್ನು ತಗ್ಗಿಸುತ್ತವೆ. ಅದಕ್ಕೆ ಅವನ ತಾಯಿ ವೈದ್ಯರನ್ನು ಕೇಳಿ, ಬೆಳಗಿನ ಮಾತ್ರೆಗೆ ಮೊದಲೇ ಹೊಟ್ಟೆ ತುಂಬ ತಿಂಡಿ ಎಂದು ಗೊತ್ತು ಮಾಡಿದರು. ಸೋಮವಾರ ಮೊಸರವಲಕ್ಕಿ, ಮಂಗಳವಾರ ಉಪ್ಪಿಟ್ಟು ಎಂದು ವಾರದ ಏಳು ದಿನಕ್ಕೆ ಏಳು ತಿಂಡಿ, ವರ್ಷವಿಡೀ ಅದೇ. ಯೋಚಿಸುವ ಕೆಲಸವೇ ಇಲ್ಲ. ಸಂಜೆ ಐದೂವರೆಗೆ ಮೊಬೈಲು ಕೂಗಿದಾಗ ಆಫೀಸಿನಲ್ಲೇ ಬುತ್ತಿ ಬಿಚ್ಚುತ್ತಾನೆ, ನಿಯಮವೂ ಉಳಿಯಿತು. ಮನಸ್ಸಿಲ್ಲದ ದಿನಕ್ಕೆಂದು ಹುರಿಟ್ಟು, ಗೇರುಬೀಜ, ಬಾಳೆಹಣ್ಣು ಕಣ್ಣಿಗೆ ಕಾಣುವಲ್ಲಿ ಇಟ್ಟುಕೊಂಡಿದ್ದಾನೆ. ಕಪಾಟಿನ ಒಳಗೆ ಇಟ್ಟರೆ ಇಲ್ಲವೆಂದೇ ಲೆಕ್ಕ. ಒಂದೇ ಬಗೆ ಅಡುಗೆ ಮಾಡುವ ಸೊಸೆಯನ್ನು ಸೋಮಾರಿ ಎಂದು ಆಡಿಕೊಳ್ಳುವ ಅತ್ತೆಯಂದಿರು ಈ ಭಾಗವನ್ನು ಎರಡು ಸಲ ಓದಬೇಕೆಂದು ಕೋರಿಕೆ.

ಮದುವೆ, ಬಸದಿಯ ವಾರ್ಷಿಕೋತ್ಸವಗಳ ಪಂಕ್ತಿಯಲ್ಲಿ ಇವರನ್ನು ಕೂರಿಸಿ ‘ಇನ್ನೊಂದು ಹೋಳಿಗೆ ಹಾಕಿ’ ಎಂದು ಒತ್ತಾಯಿಸುವುದನ್ನು ನಿಲ್ಲಿಸಬೇಕು. ಮೈಕಿನ ಸದ್ದಿಲ್ಲದ ಒಂದು ಕೋಣೆ, ಪಂಕ್ತಿಗೆ ಅರ್ಧ ಗಂಟೆ ಮೊದಲು ಬಡಿಸಿದ ಒಂದು ಎಲೆ, ಮನೆಯಿಂದ ತಂದ ಬುತ್ತಿಗೆ ಮುಖ ಸಿಂಡರಿಸದ ಯಜಮಾನರು, ಇಷ್ಟಿದ್ದರೆ ಆ ತಾಯಿಯೂ ಮದುವೆ ನೋಡಿಯಾಳು.

ವೈದ್ಯರಲ್ಲಿಗೆ ಹೋಗಬೇಕಾದ ಸಂದರ್ಭಗಳೂ ಇವೆ. ನಿನ್ನೆವರೆಗೆ ತಿನ್ನುತ್ತಿದ್ದವನು ಒಮ್ಮೆಗೇ ಬಿಟ್ಟರೆ ಹಲ್ಲುನೋವೋ ಮಲಬದ್ಧತೆಯೋ ಇರಬಹುದು. ಹೇಳಲು ಬಾಯಿಲ್ಲದವನು ಬಟ್ಟಲು ದೂಡಿಯೇ ಹೇಳುತ್ತಾನೆ. ಊಟ ಮಾಡುವಾಗ ಪದೇ ಪದೇ ಕೆಮ್ಮು ಬಂದರೆ, ಮೈ ಇಳಿದರೆ, ತಡಮಾಡಬಾರದು. ಕೈಕಾಲು ಸ್ವಾಧೀನವಿಲ್ಲದವರಿಗೆ ಮಲಗಿಸಿ ಉಣಿಸುವುದು ಅಪಾಯ, ನೆಟ್ಟಗೆ ಕೂರಿಸಿ ಸಣ್ಣ ತುತ್ತು ಕೊಡಬೇಕು. ಹಾಲು ಮೊಸರನ್ನೂ ಮುಟ್ಟದ ಸಸ್ಯಾಹಾರಿಗೆ ಬಿ12 ಕಡಮೆಯಾಗುತ್ತದೆ, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಕೆಲವು ಮಾತ್ರೆಗಳು ಮಿತಿಮೀರಿ ಹಸಿವನ್ನೂ ತರುತ್ತವೆ. ಅದಕ್ಕೆ ಬೈದು ಫಲವಿಲ್ಲ, ಮಾತ್ರೆ ಬರೆದವರನ್ನು ಕೇಳಬೇಕು.

ಈ ತಾಯಂದಿರು ಅಂಗಡಿಯ ಬೆಂಚಿನಲ್ಲಿ ಕೂತು ಕೇಳುವ ಪ್ರಶ್ನೆ ಒಂದೇ: ‘ಅಣ್ಣಾ, ನಾನಿಲ್ಲದ ದಿನ ಇವನಿಗೆ ಬಡಿಸುವವರು ಯಾರು?’ 18 ದಾಟಿದ ಇಂತಹವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ, ಜಿಲ್ಲಾಧಿಕಾರಿಗಳ ಸಮಿತಿಯ ಮೂಲಕ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಬಹುದು. ಅದು ಆಸ್ತಿಗೆ, ಆಸ್ಪತ್ರೆಗೆ ಆಯಿತು. ಬಟ್ಟಲಿಗೆ?

ಬದಿಯಡ್ಕ ಕಡೆಯ ಒಬ್ಬ ತಾಯಿ ಪಿತ್ತಕೋಶದ ಆಪರೇಶನ್ನಿಗೆ ಮಂಗಳೂರಿಗೆ ಹೋಗುವ ಮೊದಲು ನಲವತ್ತು ಪುಟದ ನೋಟ್ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟರು. ಸ್ಟೀಲಿನ ಬಟ್ಟಲು ಬೇಡ, ಚಮಚ ತಾಗುವ ಸದ್ದು ಆಗದು. ಹಸಿರು ಪ್ಲಾಸ್ಟಿಕ್ ಬಟ್ಟಲು. ಗಂಜಿ ಬೆರಳಿಗೆ ತಾಳುವಷ್ಟು ಬಿಸಿ. ಉಪ್ಪಿನಕಾಯಿ ಬೇರೆ ಗಿಣ್ಣಿನಲ್ಲಿ. ಕಿಟಕಿಯ ಕಡೆ ಮುಖ. ನೀರು ತಾನಾಗಿ ಕೇಳುವುದಿಲ್ಲ, ಹತ್ತು, ಒಂದು, ನಾಲ್ಕು ಗಂಟೆಗೆ ಕೊಡಬೇಕು. ಎದ್ದು ಎರಡು ಸುತ್ತು ಹಾಕಿದರೆ ಊಟ ಮುಗಿಯಿತೆಂದಲ್ಲ, ಕಾಯಬೇಕು, ಪುನಃ ಬರುತ್ತಾನೆ. ಒಂಬತ್ತು ದಿನ ಅವರ ನಾದಿನಿ ಆ ಪುಸ್ತಕ ನೋಡಿಕೊಂಡೇ ಬಡಿಸಿದರು, ಹುಡುಗ ಎರಡನೆಯ ದಿನದಿಂದ ಉಂಡ. ಮೊದಲ ದಿನ ಉಣ್ಣಲಿಲ್ಲ. ಯಾಕೆಂದರೆ ತಾಯಿ ಬಡಿಸುವಾಗ ಗುನುಗುತ್ತಿದ್ದ ಹಾಡನ್ನು ಬರೆಯಲು ಮರೆತಿದ್ದರು. ಫೋನಿನಲ್ಲಿ ಕೇಳಿ ಅದನ್ನೂ ಸೇರಿಸಿಕೊಂಡರು.

ನಲವತ್ತು ಪುಟದ ಆ ನೋಟ್ ಪುಸ್ತಕಕ್ಕೆ ನಮ್ಮ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ. ಈ ಕೆಲಸಕ್ಕೆಂದು ಕೇಳಿ ಬಂದವರಿಂದ, ಅವರು ಯಾವ ಜಾತಿ ಯಾವ ಭಾಷೆಯವರೇ ಇರಲಿ, ಹಣ ತೆಗೆದುಕೊಳ್ಳಬಾರದೆಂದು ಗಲ್ಲೆಯಲ್ಲಿ ಕೂರುವ ಮಗನಿಗೆ ಹೇಳಿದ್ದೇವೆ. ಪೆನ್ನಿಗೂ ಅಷ್ಟೇ.