ಸ್ಮಾರಕ ಪದಕಗಳು: ಎರಡು ಮುಖ, ಹಲವು ಮಾತು

'ಪದಕ' ಎಂಬ ಶಬ್ದವು ಕನ್ನಡಕ್ಕೆ ಹೊಸದಲ್ಲ. ಕೊರಳ ಹಾರದ ನಡುವೆ, ಎದೆಯ ಮೇಲೆ ತೂಗುವ ಆಭರಣಕ್ಕೆ ನಮ್ಮ ಹಿರಿಯರು ಈ ಹೆಸರನ್ನಿತ್ತಿದ್ದರು. ಪರಾಕ್ರಮಿಗೆ ಗಂಡಪೆಂಡಾರವನ್ನು ತೊಡಿಸುವುದು, ವಿದ್ವಾಂಸನಿಗೆ ಕಡಗ ಶಾಲುಗಳನ್ನಿತ್ತು ಮನ್ನಿಸುವುದು, ಮಡಿದ ವೀರನಿಗೆ ಕಲ್ಲು ನಿಲ್ಲಿಸುವುದು ಈ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೆನೆಯಬಹುದು. ಕ್ರಿ.ಶ. 949-50ರ ಆ ಕಲ್ಲು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದ ರಾಜಕೀಯ ಘಟನೆಯನ್ನು ಹೇಳುತ್ತದೆ. ಗಂಗರ ಬೂತುಗನು ಮೆಚ್ಚಿ ಏನು ಬೇಕೆಂದಾಗ ಮಣಲೇರನು ಕೇಳಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗಾಗಿ ನಿಂತ ಕಲ್ಲೇ ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೀಗೆ ಸ್ಮಾರಕವೆಂಬುದು ತಾನು ನೆನೆಯಬೇಕೆಂದುದನ್ನು ಮಾತ್ರವಲ್ಲದೆ, ತನ್ನನ್ನು ಮಾಡಿಸಿದವರ ಮನಸ್ಸನ್ನೂ ಕಾಪಿಟ್ಟುಕೊಂಡಿರುತ್ತದೆ.

ಲೋಹದ ಬಿಲ್ಲೆಯ ಮೇಲೆ ಅಚ್ಚೊತ್ತಿ ಹಂಚುವ ಸ್ಮಾರಕ ಪದಕವು ನಮಗೆ ಯೂರೋಪಿನಿಂದ ಬಂದುದು. ನೋಡಲು ನಾಣ್ಯದಂತಿದ್ದರೂ ಇದು ನಾಣ್ಯವಲ್ಲ. ನಾಣ್ಯಕ್ಕೆ ಬೆಲೆಯುಂಟು, ಚಲಾವಣೆಯುಂಟು. ಪದಕಕ್ಕೆ ಇರುವುದು ಮಾತು ಮಾತ್ರ. ಗೆದ್ದವರು ತಮ್ಮ ಗೆಲವನ್ನು ಲೋಕವು ಹೇಗೆ ನೆನೆಯಬೇಕೆಂದು ಬಯಸಿದರೋ ಆ ಬಯಕೆಯನ್ನು ಅಂಗೈಯಗಲದ ಲೋಹದಲ್ಲಿ ಒತ್ತಿ, ಎದೆಯ ಮೇಲೆ ಧರಿಸಲು ಕೊಡುತ್ತಿದ್ದರು. ಆದುದರಿಂದ ಪದಕಗಳನ್ನು ಕೂಡಿಹಾಕುವುದಷ್ಟೇ ಸಂಗ್ರಹವಲ್ಲ. ಶಾಸನವನ್ನು ಓದುವಂತೆ ಅವುಗಳನ್ನು ಓದಬೇಕು. ಕನ್ನಡ ನಾಡಿಗೆ ನೇರವಾಗಿ ಸಂಬಂಧಿಸಿದ ಎರಡು ಪದಕಗಳಿಂದ ಈ ಮಾತನ್ನು ವಿವರಿಸಲು ಯತ್ನಿಸುತ್ತೇನೆ.

ಮೊದಲನೆಯದು ಶ್ರೀರಂಗಪಟ್ಟಣದ ಪದಕ. 1799ರ ಮೇ 4ರಂದು ಕೋಟೆ ಬಿದ್ದು, ಟಿಪ್ಪು ಸುಲ್ತಾನನು ಹೋರಾಡುತ್ತ ಮಡಿದನು. ಆ ವಿಜಯದ ಸ್ಮರಣೆಗಾಗಿ ಈಸ್ಟ್ ಇಂಡಿಯಾ ಕಂಪನಿಯು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಟಂಕಸಾಲೆಯಲ್ಲಿ ಪದಕಗಳನ್ನು ಅಚ್ಚುಹಾಕಿಸಿತು. ಟಂಕಸಾಲೆಯ ಒಡೆಯ ಮ್ಯಾಥ್ಯೂ ಬೋಲ್ಟನ್. ಅಚ್ಚನ್ನು ಕೊರೆದವನು ಕಾನ್ರಾಡ್ ಹೈನ್ರಿಖ್ ಕುಖ್ಲರ್ ಎಂಬ ಶಿಲ್ಪಿ. ಪದಕದ ಅಗಲ ಸುಮಾರು 48 ಮಿಲಿಮೀಟರ್.

ಇದರ ಮುಮ್ಮುಖದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿ ಮೆಟ್ಟಿ ನಿಂತಿದೆ. ಸಿಂಹವು ಬ್ರಿಟನ್ನಿನ ಲಾಂಛನ, ಹುಲಿಯು ಟಿಪ್ಪುವಿನ ಲಾಂಛನ. ಇಷ್ಟನ್ನು ಮಕ್ಕಳೂ ಬಲ್ಲರು. ಆದರೆ ಮೇಲೆ ಹಾರುವ ಪತಾಕೆಯಲ್ಲಿರುವ ಅರಬ್ಬಿ ಅಕ್ಷರಗಳನ್ನು ಓದಿದಾಗ ಬೇರೊಂದು ಅರ್ಥವು ತೆರೆದುಕೊಳ್ಳುತ್ತದೆ. 'ಅಸದ್ ಅಲ್ಲಾಹ್ ಅಲ್-ಗಾಲಿಬ್', ಎಂದರೆ 'ದೇವರ ಸಿಂಹವೇ ಗೆಲ್ಲುವುದು'. ಮುಸಲ್ಮಾನ ಸಂಪ್ರದಾಯದಲ್ಲಿ 'ದೇವರ ಸಿಂಹ' ಎಂಬುದು ಹಜರತ್ ಅಲಿಯವರ ಬಿರುದು. ಈ ವಾಕ್ಯವನ್ನು ಹುಲಿಯ ಮುಖದ ಆಕಾರದಲ್ಲಿ ಬರೆಯಿಸಿ ತನ್ನ ಆಯುಧಗಳ ಮೇಲೆ ಧರಿಸಿದವನು ಟಿಪ್ಪುವೇ! ಸೋತವನ ನೆಲವನ್ನು ತೆಗೆದುಕೊಂಡಂತೆ ಅವನ ಘೋಷವಾಕ್ಯವನ್ನೂ ತೆಗೆದುಕೊಂಡು, ಗೆದ್ದವರು ತಮ್ಮ ಸಿಂಹಕ್ಕೆ ಹಚ್ಚಿದರು.

ಹಿಮ್ಮುಖದಲ್ಲಿ ಒಡೆದ ಕೋಟೆಗೋಡೆಯನ್ನು ಸೈನ್ಯವು ಏರುತ್ತಿರುವ ದೃಶ್ಯವಿದೆ. ಆಗಸದ ನಡುವಿನ ಸೂರ್ಯನು ಮಧ್ಯಾಹ್ನದ ಆ ದಾಳಿಯ ಹೊತ್ತನ್ನು ಸೂಚಿಸುತ್ತಾನೆ. ಕೆಳಗಿನ ಪಾರಸಿ ಬರಹವು ಶ್ರೀರಂಗಪಟ್ಟಣವನ್ನು ದೇವರು ಕೊಟ್ಟನೆಂದು ಹೇಳಿ ಹಿಜರಿ 1213ರ ತೇದಿಯನ್ನು ನಮೂದಿಸುತ್ತದೆ. ಇಲ್ಲಿಯೂ ಶ್ಲೇಷವುಂಟು. ಟಿಪ್ಪುವು ತನ್ನ ರಾಜ್ಯವನ್ನು 'ಸರ್ಕಾರ್-ಎ-ಖುದಾದಾದ್', ಎಂದರೆ ದೈವದತ್ತವಾದ ಸರ್ಕಾರವೆಂದು ಕರೆದಿದ್ದನು. ಆ ಮಾತನ್ನೇ ಹಿಡಿದು, 'ದೇವರು ಈಗ ನಮಗೆ ಕೊಟ್ಟನು' ಎಂದು ಪದಕವು ಉತ್ತರ ಹೇಳುತ್ತದೆ. ಸೋತ ದೊರೆಯ ಹೆಸರಾಗಲಿ, ಅಂದಿನ ರಾತ್ರಿ ಪಟ್ಟಣದಲ್ಲಿ ನಡೆದ ಸೂರೆಯಾಗಲಿ ಅದರಲ್ಲಿ ಎಲ್ಲಿಯೂ ಇಲ್ಲ. ಬರೆದುದನ್ನು ಓದುವಂತೆಯೇ ಬರೆಯದೆ ಬಿಟ್ಟುದನ್ನೂ ಓದಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವು ದೊರೆಯದು.

ಲೋಹವೂ ಒಂದು ಭಾಷೆಯೇ. ಈ ಪದಕವನ್ನು ಚಿನ್ನ, ಚಿನ್ನದ ಮುಲಾಮಿನ ಬೆಳ್ಳಿ, ಬೆಳ್ಳಿ, ಕಂಚು, ತವರ ಎಂಬ ಐದು ಬಗೆಯಲ್ಲಿ ಮಾಡಿಸಿದರು. ಚಿನ್ನವು ಅತ್ಯುನ್ನತ ಪದವಿಯವರಿಗೆ, ಬೆಳ್ಳಿಯು ಅಧಿಕಾರಿಗಳಿಗೆ. ಗೋಡೆಯನ್ನೇರಿದ ಸಾಮಾನ್ಯ ಸೈನಿಕನಿಗೂ ಸಿಪಾಯಿಗೂ ತವರ. ಅದೂ ಕೈಸೇರಲು 1808ರವರೆಗೆ, ಎಂದರೆ ಒಂಬತ್ತು ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಎಷ್ಟು ಮಂದಿ ಬದುಕಿದ್ದರೋ!

ಎರಡನೆಯ ಪದಕವು ನನ್ನಂಥ ಕನ್ನಡ ಪಂಡಿತನ ಮನಸ್ಸನ್ನು ಇನ್ನೂ ಹೆಚ್ಚಾಗಿ ಕಲಕುತ್ತದೆ. ಏಕೆಂದರೆ ಅದರ ಮೇಲಿರುವುದು ನಮ್ಮ ಕನ್ನಡ ಲಿಪಿ. 1834ರಲ್ಲಿ ಕಂಪನಿ ಸರ್ಕಾರವು ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಹಾಲೇರಿಯ ಆ ಅರಸುಮನೆತನವು ಲಿಂಗಾಯತ ಮನೆತನವೆಂಬುದನ್ನು ಶ್ರೀಮಠದ ಭಕ್ತರಿಗೆ ಬೇರೆ ಹೇಳಬೇಕಿಲ್ಲ. ಅಮರಸುಳ್ಯದ ಸೀಮೆಯನ್ನು ಕೊಡಗಿನಿಂದ ಬೇರ್ಪಡಿಸಿ ದಕ್ಷಿಣ ಕನ್ನಡಕ್ಕೆ ಸೇರಿಸಲಾಯಿತು. ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕಾದಾಗ ರೈತರು ಬಳಲಿದರು. 1837ರ ಮಾರ್ಚ್ ಕೊನೆಯಲ್ಲಿ ಬಂಡಾಯವೆದ್ದಿತು. ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ ಮೊದಲಾದವರು ಮುಂದಾಳುಗಳಾದರು. ರಾಜಮನೆತನದ ಕಲ್ಯಾಣಸ್ವಾಮಿಯ ಹೆಸರನ್ನು ತಳೆದು ಪುಟ್ಟಬಸಪ್ಪನೆಂಬುವನು ಜನರನ್ನು ಒಗ್ಗೂಡಿಸಿದನು. ಏಪ್ರಿಲ್ 5ರಂದು ಮಂಗಳೂರು ಅವರ ವಶವಾಯಿತು. ಬಾವುಟಗುಡ್ಡೆಯ ಮೇಲೆ ಅವರ ಧ್ವಜವೇರಿತು. ಸುಮಾರು ಎರಡು ವಾರಗಳ ಬಳಿಕ ಕಂಪನಿಯ ಸೈನ್ಯವು ಮರಳಿ ಬಂದಿತು. ಪುಟ್ಟಬಸಪ್ಪನನ್ನು ಮಂಗಳೂರಿನಲ್ಲಿ ಗಲ್ಲಿಗೇರಿಸಿದರು. ಅಪ್ಪಯ್ಯಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದರು.

ಈ ಬಂಡಾಯವನ್ನು ಅಡಗಿಸುವಲ್ಲಿ ನೆರವಾದ ಕೊಡಗಿನವರಿಗೆ ಕಂಪನಿಯು ಚಿನ್ನದ ಹಾಗೂ ಬೆಳ್ಳಿಯ ಪದಕಗಳನ್ನಿತ್ತಿತು. ಅದರ ಒಂದು ಮುಖದಲ್ಲಿ ಬಲಗೈಯಲ್ಲಿ ಕತ್ತಿಯೆತ್ತಿ, ಎಡಗೈಯಲ್ಲಿ ಕೋವಿ ಹಿಡಿದ ಕೊಡವ ವೀರನ ಚಿತ್ರವಿದೆ. ಸುತ್ತಲಿನ ಕನ್ನಡ ಬರಹದ ತಾತ್ಪರ್ಯವಿದು: 1837ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ದಂಗೆಯನ್ನು ಅಡಗಿಸಿ, ಕಂಪನಿ ಸರ್ಕಾರಕ್ಕೆ ನಿಷ್ಠೆ ತೋರಿದ್ದಕ್ಕಾಗಿ ಕೊಟ್ಟ ಗುರುತು. ಇನ್ನೊಂದು ಮುಖದಲ್ಲಿ ಕೊಡವರ ಯುದ್ಧಗತ್ತಿ, ಹೂಮಾಲೆ ಮತ್ತು ಇಂಗ್ಲಿಷ್ ಬರಹ.

ಒಂದೇ ಘಟನೆಗೆ ಒಂದೆಡೆ ಗಲ್ಲು, ಇನ್ನೊಂದೆಡೆ ಪದಕ. 'ನಿಷ್ಠೆ' ಎಂಬ ಮಾತಿಗೆ ಶರಣರು ಕೊಟ್ಟ ಅರ್ಥವೇ ಬೇರೆ. ಈ ಬಿಲ್ಲೆಯಲ್ಲಿ ಅದು ಪಡೆದ ಅರ್ಥವೇ ಬೇರೆ. ಆ ಪದಕವನ್ನು ಪಡೆದವರನ್ನು ಇಂದು ಕುಳಿತು ದೂಷಿಸುವುದು ನಮ್ಮ ಕೆಲಸವಲ್ಲ. ಅವರ ಕಾಲದ ಒತ್ತಡಗಳು, ಊರೂರುಗಳ ನಡುವಿನ ಸಂಬಂಧಗಳು ಅವರವು. ಹಾಗೆಂದು ಪದಕದ ಮಾತನ್ನೇ ಪೂರ್ಣಸತ್ಯವೆಂದು ನಂಬುವುದೂ ಸಲ್ಲದು. ಅದು 'ದಂಗೆ' ಎಂದುದನ್ನು ಮುಂದಿನ ತಲೆಮಾರು 'ಸ್ವಾತಂತ್ರ್ಯ ಸಮರ' ಎಂದಿತು. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆಯು ನಿಂತಿತು. ಪದಕ ಮತ್ತು ಪ್ರತಿಮೆಗಳನ್ನು ಜೊತೆಗಿಟ್ಟು ಓದಿದಾಗಲೇ ಚರಿತ್ರೆಯ ಎರಡು ಮುಖಗಳೂ ಕಾಣುವುವು.

ಪದಕವನ್ನು ಪಡೆಯುವುದು ಹೇಗೆ ರಾಜಕೀಯವೋ ಹಿಂದಿರುಗಿಸುವುದೂ ಹಾಗೆಯೇ. ದಕ್ಷಿಣ ಆಫ್ರಿಕದ ಬೋಯರ್ ಮತ್ತು ಜುಲು ಯುದ್ಧಗಳಲ್ಲಿ ಗಾಯಾಳುಗಳ ಸೇವೆಗಾಗಿ ದೊರೆತ ಪದಕಗಳನ್ನೂ, ಕೈಸರ್-ಇ-ಹಿಂದ್ ಚಿನ್ನದ ಪದಕವನ್ನೂ ಗಾಂಧೀಜಿಯವರು 1920ರ ಆಗಸ್ಟ್ 1ರಂದು ವೈಸರಾಯರಿಗೆ ಮರಳಿ ಕಳುಹಿಸಿದರು. ಸ್ವಾತಂತ್ರ್ಯದ ಸ್ಮಾರಕ ಪದಕವೂ ವಿಚಿತ್ರವಾದುದೇ. ನಮ್ಮ ಸೈನಿಕರಿಗೆ ದೊರೆತ 1947ರ ಆ ಪದಕದಲ್ಲಿ ಅಶೋಕಚಕ್ರದ ಮೇಲೆ ಬ್ರಿಟಿಷ್ ಕಿರೀಟವಿದೆ! ಒಂದು ಯುಗವು ಮುಗಿದು ಇನ್ನೊಂದು ತೊಡಗುವ ಸಂಧಿಕಾಲವನ್ನು ಇಷ್ಟು ಚಿಕ್ಕ ಜಾಗದಲ್ಲಿ ಬೇರಾವುದೂ ತೋರಿಸಲಾರದು. ಬೆಳ್ಳಿಹಬ್ಬದ 1972ರಲ್ಲಿ ನಮ್ಮ ಸರ್ಕಾರವು ಸ್ವಾತಂತ್ರ್ಯಯೋಧರಿಗೆ ಕೊಟ್ಟುದು ಪದಕವಲ್ಲ, ತಾಮ್ರಪತ್ರ. ತಾಮ್ರಶಾಸನದ ನಮ್ಮ ಹಳೆಯ ಪರಂಪರೆಗೆ ಅದು ಮರಳಿದಂತಾಯಿತು.

ಇನ್ನು ಸಂಗ್ರಹಿಸುವವರು ತಿಳಿದಿರಬೇಕಾದ ಕೆಲವು ಸಂಗತಿಗಳು. ಅಚ್ಚೊತ್ತಿದ ಪದಕದಲ್ಲಿ ಅಕ್ಷರಗಳ ಅಂಚು ಚೂಪಾಗಿಯೂ ಬಯಲು ನುಣುಪಾಗಿಯೂ ಇರುತ್ತವೆ. ಎರಕ ಹೊಯ್ದ ನಕಲಿನಲ್ಲಿ ಅಕ್ಷರಗಳು ಮೊಂಡಾಗಿ, ಅಲ್ಲಲ್ಲಿ ಸಣ್ಣ ರಂಧ್ರಗಳು ಕಾಣುತ್ತವೆ. ಎಲ್ಲ ವ್ಯತ್ಯಾಸವೂ ನಕಲೆನ್ನುವಂತಿಲ್ಲ. ಶ್ರೀರಂಗಪಟ್ಟಣದ ಪದಕವನ್ನು ಕಲ್ಕತ್ತದ ಟಂಕಸಾಲೆಯಲ್ಲಿಯೂ ಸುಮಾರು 45 ಮಿಲಿಮೀಟರಿನ ಅಳತೆಯಲ್ಲಿ ಮಾಡಿದ್ದುಂಟು. ಹುಣಿಸೆಹಣ್ಣು, ಬೂದಿ, ಪಾಲಿಶ್ ಪುಡಿ ಯಾವುದರಿಂದಲೂ ಹಳೆಯ ಪದಕವನ್ನು ತಿಕ್ಕಬಾರದು. ಕಾಲವು ಹೊದಿಸಿದ ಕಪ್ಪು ಅದರ ಕವಚ; ತಿಕ್ಕಿದಷ್ಟೂ ಅಕ್ಷರ ಸವೆಯುತ್ತದೆ. ಅಂಚನ್ನು ಹಿಡಿದೆತ್ತಿ, ಒಣಗಿದ ಕಾಗದದ ಲಕೋಟೆಯಲ್ಲಿರಿಸಿ, ಯಾರದು, ಯಾವ ಊರಿನದು, ಯಾರಿಂದ ಬಂದುದು ಎಂಬುದನ್ನು ಲಕೋಟೆಯ ಮೇಲೆ ಬರೆದಿಡಬೇಕು. ಈ ನಾಲ್ಕು ಸಾಲಿಲ್ಲದ ಪದಕವು ಗೋತ್ರ ತಿಳಿಯದ ಅನಾಥನಂತೆ. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ಇಂಥ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ; ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ನೆಲದಲ್ಲಿ ಹೂತಿದ್ದು ಸಿಕ್ಕಿದರೆ ಅದನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆಯು ವಿಧಿಸುತ್ತದೆ.

ಕೊನೆಗೊಂದು ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ನನ್ನನ್ನು ಕಾಣಲು ಬಂದಿದ್ದರು. ಮಾತಿನ ನಡುವೆ ತಮ್ಮ ಕೊರಳಿನ ಬೆಳ್ಳಿಯ ಕರಡಿಗೆಯನ್ನು ತೋರಿಸಿ, "ಗುರುಗಳೆ, ಇದು ನಮ್ಮ ಮುತ್ತಜ್ಜನ ಪದಕದ ಬೆಳ್ಳಿ. ಪಟಾಲಮಿನಲ್ಲಿದ್ದಾಗ ಬಂದದ್ದಂತೆ. ಅಪ್ಪ ಅದನ್ನು ಕರಗಿಸಿ ಇದನ್ನು ಮಾಡಿಸಿದರು" ಎಂದರು. ಯಾವ ಯುದ್ಧ, ಯಾವ ವರ್ಷ, ಏನು ಬರೆದಿತ್ತು ಎಂದು ಕೇಳಿದೆ. ಅವರು ತಲೆ ತಗ್ಗಿಸಿ, "ಯಾರೂ ಓದಲಿಲ್ಲ" ಎಂದರು. ಬೆಳ್ಳಿಯು ಇಷ್ಟಲಿಂಗದ ಸನ್ನಿಧಿಯನ್ನು ಸೇರಿತು. ಅದಕ್ಕಿಂತ ಪುಣ್ಯದ ಸ್ಥಾನವಿಲ್ಲ. ಆ ತಂದೆಯನ್ನು ತಪ್ಪೆನ್ನಲು ನನಗೆ ನಾಲಗೆ ಬರಲಿಲ್ಲ. ಆದರೆ ಒಬ್ಬ ಕನ್ನಡಿಗನು ಯಾರಿಗಾಗಿ, ಎಲ್ಲಿ ಹೋರಾಡಿದನೆಂಬುದು ಅಕ್ಕಸಾಲೆಯ ಮೂಸೆಯಲ್ಲಿ ಹೊಗೆಯಾಗಿ ಹೋಯಿತು.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿಯೂ, ಹಳೆಯ ವಿದ್ಯಾರ್ಥಿಗಳಲ್ಲಿಯೂ, ದಾನಿಗಳಲ್ಲಿಯೂ ನನ್ನದೊಂದು ವಿನಂತಿ. ತಮ್ಮ ಮನೆಯ ಪೆಟ್ಟಿಗೆಯಲ್ಲಿ ಪದಕವಿದ್ದರೆ ಅದನ್ನು ಕೊಡಿರೆಂದು ಕೇಳುವುದಿಲ್ಲ. ಒಮ್ಮೆ ಶಾಲೆಗೆ ತನ್ನಿರಿ. ಎರಡೂ ಮುಖಗಳ ಚಿತ್ರ ತೆಗೆದು, ಬರಹವನ್ನು ನಕಲು ಮಾಡಿಕೊಂಡು, ಮನೆಯ ಹಿರಿಯರು ಹೇಳುವ ಕಥೆಯನ್ನು ನಮ್ಮ ಮಕ್ಕಳ ಕೈಯಲ್ಲಿ ಬರೆಯಿಸಿ ಮರಳಿಸೋಣ. ಆಮೇಲೆ ಅದು ಪೆಟ್ಟಿಗೆಯಲ್ಲಿರಲಿ, ಕರಡಿಗೆಯಾಗಲಿ, ಅದರ ಮಾತು ಉಳಿದಿರುತ್ತದೆ.