ಪೊರೆ ತೆಗೆದ ಕಣ್ಣಿಗೆ ಮೊದಲ ವಾರದ ಕಾವಲು

ನಮ್ಮ ಧರ್ಮಕೇಂದ್ರಗಳ ಸಭಾಂಗಣಗಳಲ್ಲಿ ಆಗಾಗ ನೇತ್ರ ತಪಾಸಣಾ ಶಿಬಿರಗಳು ನಡೆಯುವುದುಂಟು. ಅಲ್ಲಿ ಹೆಸರು ಬರೆಸಿದ ಹಿರಿಯರು ಆಸ್ಪತ್ರೆಗೆ ತೆರಳಿ, ಪೊರೆ ತೆಗೆಸಿಕೊಂಡು, ಒಂದೆರಡು ದಿನಗಳಲ್ಲೇ ಕಪ್ಪು ಕನ್ನಡಕ ಧರಿಸಿ ಮನೆಗೆ ಮರಳುತ್ತಾರೆ. ತಲೆಯ ಎರಡೂ ಬದಿಗೆ ಮರಳಿನ ಚೀಲವಿಟ್ಟು ದಿನಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದ ಕಾಲವನ್ನು ಬಲ್ಲವರಿಗೆ ಇದು ಅಚ್ಚರಿಯೇ ಸರಿ. ಆದರೆ ಗಾಯ ಕಿರಿದಾದಂತೆ ಮನೆಯವರ ಎಚ್ಚರವೂ ಕಿರಿದಾಗುತ್ತಿರುವುದು ನಮ್ಮನ್ನು ಚಿಂತೆಗೀಡುಮಾಡಿದೆ.

ಶಸ್ತ್ರಚಿಕಿತ್ಸೆಯ ಬಳಿಕ ಕಣ್ಣಿನ ಒಳಗೆ ಸೋಂಕು ತಗಲುವುದನ್ನು ವೈದ್ಯರು ಎಂಡಾಫ್ಥಾಲ್ಮೈಟಿಸ್ ಎನ್ನುತ್ತಾರೆ. ಒಳ್ಳೆಯ ಆಸ್ಪತ್ರೆಗಳಲ್ಲಿ ಇದು ಸಾವಿರಕ್ಕೆ ಒಬ್ಬರಿಗೋ, ಅದಕ್ಕಿಂತ ಕಡಿಮೆ ಮಂದಿಗೋ ಬರುವಂಥದು. ಹೆದರಿ ಶಸ್ತ್ರಚಿಕಿತ್ಸೆಯನ್ನೇ ಮುಂದೂಡುವ ಅಗತ್ಯವಿಲ್ಲ. ಆದರೆ ಬಂದರೆ ಉಗ್ರ. ಕಣ್ಣಿನ ಒಳಗಿರುವ ಲೋಳೆಯಂಥ ದ್ರವ್ಯದಲ್ಲಿ ರಕ್ತನಾಳಗಳಿಲ್ಲ. ಅಲ್ಲಿ ಸೇರಿದ ರೋಗಾಣುವಿಗೆ ತಡೆಯಿಲ್ಲ, ನುಂಗಿದ ಮಾತ್ರೆಯೂ ಅಲ್ಲಿಗೆ ಸಾಕಷ್ಟು ತಲುಪದು. ಈ ರೋಗಾಣುಗಳು ಹೆಚ್ಚಾಗಿ ರೋಗಿಯ ರೆಪ್ಪೆಯಲ್ಲೇ ಇರುವಂಥವು. ಆದುದರಿಂದಲೇ ಶಸ್ತ್ರಚಿಕಿತ್ಸೆಗೆ ಮುನ್ನ ಕಣ್ಣಿಗೆ ಪೊವಿಡೋನ್ ಅಯೋಡಿನ್ ಹನಿಸಿ ಕೆಲವು ನಿಮಿಷ ಕಾಯುತ್ತಾರೆ. ಕೊನೆಯಲ್ಲಿ ಕಣ್ಣಿನೊಳಕ್ಕೇ ಪ್ರತಿಜೀವಕ ಔಷಧ ಚುಚ್ಚಿದರೆ ಅಪಾಯ ಬಹಳಷ್ಟು ತಗ್ಗುವುದೆಂದು 2007ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನವು ತೋರಿಸಿಕೊಟ್ಟಿತು.

ಒಂದೇ ದಿನ ಹಲವರಿಗೆ ಸೋಂಕು ತಗಲಿದರೆ ಅದರ ಮೂಲ ಬೇರೆಡೆ ಇರುತ್ತದೆ: ಬಳಸಿದ ದ್ರಾವಣ, ಉಪಕರಣ ಅಥವಾ ಶಸ್ತ್ರಚಿಕಿತ್ಸಾ ಕೊಠಡಿ. 2019ರ ಜುಲೈಯಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಒಂದೇ ದಿನ ಪೊರೆ ತೆಗೆಸಿಕೊಂಡವರಲ್ಲಿ ಹಲವರು ಸೋಂಕಿನಿಂದ ದೃಷ್ಟಿ ಕಳೆದುಕೊಂಡರು. 2021ರ ನವೆಂಬರಿನಲ್ಲಿ ಬಿಹಾರದ ಮುಜಫ್ಫರ್‌ಪುರದಲ್ಲಿ ಹಲವರ ಕಣ್ಣನ್ನೇ ತೆಗೆಯಬೇಕಾಯಿತು. ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಶಿಬಿರಗಳಲ್ಲೇ ಸಾವಿರಾರು ಜನರಿಗೆ ಬೆಳಕು ನೀಡಿದ ಕಾಲದ ಋಣ ನಾಡಿನ ಮೇಲಿದೆ. ಆದರೆ ಇಂದು ಶಿಬಿರವು ತಪಾಸಣೆಗೆ ಮಾತ್ರ, ಶಸ್ತ್ರಚಿಕಿತ್ಸೆಯು ಆಸ್ಪತ್ರೆಯ ಕೊಠಡಿಯಲ್ಲೇ ನಡೆಯಬೇಕು. ಶಿಬಿರ ಏರ್ಪಡಿಸುವ ನಮ್ಮ ಸಂಘಟಕರು ನೋಂದಣಿಯ ಸಂಖ್ಯೆ ಹೇಳಿಕೊಳ್ಳುವಷ್ಟೇ ಆಸಕ್ತಿಯಿಂದ, ಮೂರನೆಯ ದಿನ ಆ ಹಿರಿಯರನ್ನು ಯಾರು ನೋಡುವರೆಂಬುದನ್ನೂ ಗೊತ್ತುಮಾಡಿಕೊಂಡರೆ ಚೆನ್ನು.

ಏಕೆಂದರೆ ಸೋಂಕು ಹೆಚ್ಚಾಗಿ ತಲೆದೋರುವುದು ಎರಡನೆಯ ದಿನದಿಂದ ಏಳನೆಯ ದಿನದೊಳಗೆ, ರೋಗಿ ಮನೆ ಸೇರಿದ ಮೇಲೆ. ತಿಳಿಯಾಗಿದ್ದ ದೃಷ್ಟಿ ಮತ್ತೆ ಮಂಜಾಗುವುದು, ಕಣ್ಣು ಕೆಂಪೇರುವುದು, ರೆಪ್ಪೆ ಬಾತುಕೊಳ್ಳುವುದು, ಬೆಳಕು ಸಹಿಸಲಾಗದಿರುವುದು, ನೋವು ಇದರ ಲಕ್ಷಣಗಳು. ನೋವಿಲ್ಲವೆಂದು ಸುಮ್ಮನಿರುವಂತಿಲ್ಲ, 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ನೋವೇ ಇರಲಿಲ್ಲ. ಇನ್ನು ನಮ್ಮ ಅಜ್ಜಿಯಂದಿರಂತೂ ನೋವಿದ್ದರೂ ಹೇಳುವವರಲ್ಲ. ಮಗನ ಕೆಲಸ ಕೆಡುತ್ತದೆ, ಸೊಸೆಗೆ ತೊಂದರೆ ಎಂದು ಸೆರಗಿನಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. ಆ ಸೆರಗೂ ಅಪಾಯಕಾರಿಯೇ. ಆದುದರಿಂದ ದಿನವೂ ಒಳ್ಳೆಯ ಕಣ್ಣನ್ನು ಮುಚ್ಚಿಸಿ, ಗೋಡೆಯ ಕ್ಯಾಲೆಂಡರಿನ ಅಂಕಿಗಳು ನಿನ್ನೆಯಷ್ಟೇ ಸ್ಪಷ್ಟವಾಗಿವೆಯೇ ಎಂದು ಮನೆಯವರೇ ವಿಚಾರಿಸಬೇಕು.

ಹನಿ ಔಷಧ ಹಾಕುವವರು ಕೈಗಳನ್ನು ಸೋಪಿನಿಂದ ತೊಳೆಯಬೇಕು. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ವೈದ್ಯರು ಒಪ್ಪುವವರೆಗೆ ತಲೆಗೆ ನೀರು ಹೊಯ್ದುಕೊಳ್ಳುವುದು ಬೇಡ. ನಂದಿಬಟ್ಟಲಿನ ರಸ, ಎದೆಹಾಲು, ಜೇನು ಎಂದು ನೆರೆಯವರು ಹೇಳುವ ಯಾವುದನ್ನೂ ಹಾಕಕೂಡದು.

ಸಂಶಯ ಬಂದಾಗ ಭಾನುವಾರವೆಂದೋ, ಹಬ್ಬವೆಂದೋ ಕಾಯಬಾರದು. ಕಣ್ಣಿನೊಳಕ್ಕೆ ಚುಚ್ಚುವ ಔಷಧ ಬೇಗ ಸಿಕ್ಕಷ್ಟೂ ದೃಷ್ಟಿ ಉಳಿಯುವ ಸಂಭವ ಹೆಚ್ಚು. ಕೆಲವರಿಗೆ ಕೀವುಗಟ್ಟಿದ ಲೋಳೆಯನ್ನು ತೆಗೆಯುವ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆಸ್ಪತ್ರೆಯಿಂದ ಹೊರಡುವ ಮುನ್ನವೇ, ಕೊಟ್ಟ ಚೀಟಿಯಲ್ಲಿ ರಾತ್ರಿಯೂ ಕರೆಯಬಹುದಾದ ದೂರವಾಣಿ ಸಂಖ್ಯೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿರಿ.